ಘಾಟಿ ಇಳಿಯುವಾಗ ಹೈಬ್ರಿಡ್ ಕಾರು ಯಾಕೆ ಕೂಗುತ್ತದೆ? ಟೊಯೋಟಾದ ಹಸಿರು ಲೆಕ್ಕ, ಕೊಡಗಿನ ರಸ್ತೆಯಲ್ಲಿ

ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟರೂ ಇರುವ ಹೊಸ ಹೈಬ್ರಿಡ್ ಕಾರನ್ನು ಮಡಿಕೇರಿಯಿಂದ ಸಂಪಾಜೆ ಕಡೆಗೆ ಇಳಿಸಿದವರಿಗೆ ಒಂದು ಗಾಬರಿ ಕಾದಿರುತ್ತದೆ. ಮೊದಲ ತಿರುವುಗಳಲ್ಲಿ ಕಾರು ಸದ್ದಿಲ್ಲದೆ ಜಾರುತ್ತದೆ. ಎಂಜಿನ್ ಆಫ್ ಆಗಿರುತ್ತದೆ. ಬ್ಯಾಟರಿ ತುಂಬುತ್ತಿರುವುದು ಪರದೆಯಲ್ಲಿ ಕಾಣುತ್ತದೆ. ಪೆಟ್ರೋಲ್ ಖರ್ಚಿಲ್ಲ, ಬ್ರೇಕ್ ಸವೆಯುವುದಿಲ್ಲ, ಇನ್ನೇನು ಬೇಕು ಅನಿಸುತ್ತದೆ. ಘಾಟಿ ಮುಗಿಯುವ ಮೊದಲೇ ಎಂಜಿನ್ ಇದ್ದಕ್ಕಿದ್ದಂತೆ ಎದ್ದು ಜೋರಾಗಿ ಕೂಗತೊಡಗುತ್ತದೆ. ಆಕ್ಸಿಲರೇಟರ್ ಮೇಲೆ ಕಾಲೇ ಇಲ್ಲ. ಗಾಡಿ ಕೆಟ್ಟಿತಾ?

ಕೆಟ್ಟಿಲ್ಲ. ಹಾಗೇ ಆಗಲಿ ಎಂದೇ ಅದನ್ನು ಮಾಡಿದ್ದಾರೆ. ಯಾಕೆ ಎಂದು ತಿಳಿದರೆ, ಟೊಯೋಟಾ ಕಂಪನಿ ಪರಿಸರದ ಮಾತಾಡುವಾಗ ಯಾವುದರ ಮೇಲೆ ಬಾಜಿ ಕಟ್ಟಿದೆ ಎಂಬುದೂ ತಿಳಿಯುತ್ತದೆ.

ಈ ಕಂಪನಿಯ ಕಾರ್ಖಾನೆ ನಮಗೆ ಅಪರಿಚಿತವೇನಲ್ಲ. ಮೈಸೂರು ದಾಟಿ ಬೆಂಗಳೂರಿಗೆ ಹೋಗುವ ಹಳೇ ದಾರಿಯಲ್ಲಿ ಬಿಡದಿ ಸಿಗುತ್ತದಲ್ಲ, ಅಲ್ಲಿದೆ. ಟೊಯೋಟಾ ಕಿರ್ಲೋಸ್ಕರ್ ಮೋಟರ್ ಹುಟ್ಟಿದ್ದು 1997ರಲ್ಲಿ. 1999ರ ಕೊನೆಗೆ ಅಲ್ಲಿ ಕ್ವಾಲಿಸ್ ತಯಾರಿ ಶುರುವಾಯಿತು. ಆಮೇಲೆ ಬಂದ ಇನೋವಾ ಇಲ್ಲದ ಟ್ಯಾಕ್ಸಿ ಸ್ಟ್ಯಾಂಡ್ ಕೊಡಗಿನಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಇಲ್ಲಿ ಡೀಸೆಲ್ ಗಾಡಿಗೆ ತಯಾರಿ ನಡೆಯುತ್ತಿದ್ದಾಗಲೇ, 1997ರ ಡಿಸೆಂಬರ್‌ನಲ್ಲಿ, ಇದೇ ಕಂಪನಿ ಜಪಾನಿನಲ್ಲಿ ಪ್ರಿಯಸ್ ಎಂಬ ಕಾರನ್ನು ಮಾರಾಟಕ್ಕೆ ಇಟ್ಟಿತು. ದೊಡ್ಡ ಸಂಖ್ಯೆಯಲ್ಲಿ ತಯಾರಾದ ಜಗತ್ತಿನ ಮೊದಲ ಹೈಬ್ರಿಡ್ ಅದು. ಆ ತಂತ್ರ ಬಿಡದಿಯಲ್ಲಿ ತಯಾರಾಗುವ ಜನಬಳಕೆಯ ಕಾರುಗಳಿಗೆ ಇಳಿದಿದ್ದು 2022ರಲ್ಲಿ. ಮೊದಲು ಅರ್ಬನ್ ಕ್ರೂಸರ್ ಹೈರೈಡರ್, ವರ್ಷದ ಕೊನೆಗೆ ಇನೋವಾ ಹೈಕ್ರಾಸ್.

ಒಂದು ಎಂಜಿನ್, ಎರಡು ಮೋಟರ್

ಹೈಬ್ರಿಡ್ ಎಂಬ ಹೆಸರಲ್ಲಿ ಏನೇನೋ ಮಾರಾಟವಾಗುತ್ತದೆ. ಮೈಲ್ಡ್ ಹೈಬ್ರಿಡ್ ಎಂದರೆ ಒಂದು ಸಣ್ಣ ಮೋಟರ್ ಎಂಜಿನ್‌ಗೆ ಆಗಾಗ ಕೈ ಜೋಡಿಸುತ್ತದೆ, ಅಷ್ಟೇ. ಅದು ಒಂಟಿಯಾಗಿ ಕಾರನ್ನು ಓಡಿಸುವುದಿಲ್ಲ. ಸ್ಟ್ರಾಂಗ್ ಹೈಬ್ರಿಡ್ ಬೇರೆ. ಅದರಲ್ಲಿ ಮೋಟರ್ ಒಂದೇ ಕಾರನ್ನು ಸ್ವಲ್ಪ ದೂರ ಓಡಿಸಬಲ್ಲದು. ಪ್ಲಗ್ ಇಲ್ಲ. ಚಾರ್ಜಿಂಗ್ ತಲೆನೋವಿಲ್ಲ. ಬ್ಯಾಟರಿಗೆ ಬೇಕಾದ ವಿದ್ಯುತ್ ಎಂಜಿನ್‌ನಿಂದ ಇಲ್ಲವೇ ಬ್ರೇಕ್ ಹಾಕುವಾಗ ಚಕ್ರಗಳು ಮೋಟರನ್ನು ತಿರುಗಿಸುವುದರಿಂದ ಬರುತ್ತದೆ. ಮಳೆಗೆ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲದಿದ್ದರೂ ಗಾಡಿ ಓಡುತ್ತದೆ. ಕಕ್ಕಡ ತಿಂಗಳ ಮಳೆ ಕಂಡವರಿಗೆ ಇದು ಸಣ್ಣ ಮಾತಲ್ಲ.

ಎಂಜಿನ್ ಮತ್ತು ಮೋಟರುಗಳನ್ನು ಬೆಸೆಯುವುದು ಒಂದು ವಿಶೇಷ ಗೇರ್. ನಡುವೆ ಒಂದು ಹಲ್ಲುಚಕ್ರ, ಅದನ್ನು ಸುತ್ತುವ ಸಣ್ಣ ಚಕ್ರಗಳು, ಹೊರಗೊಂದು ಉಂಗುರ. ನಡುವಿನ ಚಕ್ರಕ್ಕೆ ಒಂದು ಮೋಟರ್ ಕೂಡಿದೆ. ಸಣ್ಣ ಚಕ್ರಗಳನ್ನು ಹಿಡಿದ ಚೌಕಟ್ಟಿಗೆ ಎಂಜಿನ್ ಕೂಡಿದೆ. ಉಂಗುರದ ಕಡೆಗೆ ಇನ್ನೊಂದು ಮೋಟರ್ ಮತ್ತು ಕಾರಿನ ಚಕ್ರಗಳು. ಮೊದಲನೇ ಮೋಟರಿನ ವೇಗವನ್ನು ಏರಿಸಿ ಇಳಿಸಿದರೆ ಸಾಕು. ಕಾರು ಯಾವ ವೇಗದಲ್ಲಿದ್ದರೂ ಎಂಜಿನ್ ತನಗೆ ಹಿತವಾದ ವೇಗದಲ್ಲೇ ತಿರುಗುತ್ತಿರಬಹುದು. ಕ್ಲಚ್ ಬೇಡ. ಒಂದನೇ ಗೇರ್, ಎರಡನೇ ಗೇರ್ ಎಂಬುದೂ ಇಲ್ಲ. ಬಿಡಿಭಾಗ ಕಮ್ಮಿ ಇದ್ದಷ್ಟು ಕೆಡುವುದೂ ಕಮ್ಮಿ. ಪ್ರಿಯಸ್ ಟ್ಯಾಕ್ಸಿಗಳು ಲಕ್ಷಗಟ್ಟಲೆ ಕಿ.ಮೀ. ಓಡಿದ್ದರಲ್ಲಿ ಈ ಗೇರ್‌ನ ಪಾಲು ದೊಡ್ಡದು.

ಎಂಜಿನ್ ಕೂಡ ಬೇರೆ ತರದ್ದು. ಅಟ್ಕಿನ್ಸನ್ ಚಕ್ರ ಎನ್ನುತ್ತಾರೆ. ಗಾಳಿ ಒಳಹೋಗುವ ವಾಲ್ವ್ ತಡವಾಗಿ ಮುಚ್ಚುತ್ತದೆ. ಹಾಗಾಗಿ ಸಿಲಿಂಡರ್ ಒಳಗೆ ಒತ್ತುವುದು ಕಮ್ಮಿ, ಉರಿದ ಮೇಲೆ ಹಿಗ್ಗುವುದು ಜಾಸ್ತಿ. ಪ್ರತಿ ಹನಿಯಿಂದಲೂ ಹೆಚ್ಚು ಕೆಲಸ ಸಿಗುತ್ತದೆ. ಆದರೆ ನಿಂತಲ್ಲಿಂದ ಎಳೆಯುವ ತಾಕತ್ತು ಕಮ್ಮಿಯಾಗುತ್ತದೆ. ಬರೀ ಪೆಟ್ರೋಲ್ ಕಾರಿಗೆ ಇಂಥ ಎಂಜಿನ್ ಹಾಕಿದರೆ ಗಾಡಿ ಮಂಕಾಗುತ್ತದೆ. ಹೈಬ್ರಿಡ್‌ನಲ್ಲಿ ಆ ಕೊರತೆಯನ್ನು ಮೋಟರ್ ತುಂಬುತ್ತದೆ. ಟೊಯೋಟಾದ ಈಚಿನ ಹೈಬ್ರಿಡ್ ಎಂಜಿನ್‌ಗಳು ಒಳ್ಳೇ ಸ್ಥಿತಿಯಲ್ಲಿ ಪೆಟ್ರೋಲಿನ ಶಕ್ತಿಯ ಶೇ. 40ರಷ್ಟನ್ನು ಕೆಲಸಕ್ಕೆ ಇಳಿಸುತ್ತವೆ. ಉಳಿದದ್ದು ಶಾಖವಾಗಿ ಹೋಗುತ್ತದೆ. ಅಷ್ಟೇನಾ ಅನಿಸಬಹುದು. ಪೆಟ್ರೋಲ್ ಎಂಜಿನ್‌ಗಳ ಲೋಕದಲ್ಲಿ ಇದು ಮೇಲಿನ ಸಾಲಿನ ಅಂಕ.

ಹೈರೈಡರ್ ಹೈಬ್ರಿಡ್‌ಗೆ ಪರೀಕ್ಷೆಯಲ್ಲಿ ಸಿಕ್ಕ ಮೈಲೇಜ್ ಲೀಟರಿಗೆ 27.97 ಕಿ.ಮೀ., ಹೈಕ್ರಾಸ್‌ಗೆ 23.24. ರಸ್ತೆಯಲ್ಲಿ ಇಷ್ಟು ಸಿಗುವುದಿಲ್ಲ, ಯಾವ ಕಾರಿಗೂ ಸಿಗುವುದಿಲ್ಲ. ಆದರೆ ನಿಂತು ನಿಂತು ಸಾಗುವ ಕಡೆ ಹೈಬ್ರಿಡ್ ನಿಜವಾಗಿಯೂ ಗೆಲ್ಲುತ್ತದೆ. ಶನಿವಾರ ಬೆಳಿಗ್ಗೆ ಕುಶಾಲನಗರದಲ್ಲಿ ಪ್ರವಾಸಿ ಗಾಡಿಗಳ ಸಾಲು ತೆವಳುತ್ತದಲ್ವಾ, ಅಲ್ಲಿ ಉಳಿದವರ ಎಂಜಿನ್ ಸುಮ್ನೆ ಉರಿಯುತ್ತಿರುತ್ತದೆ. ಇದರದ್ದು ಬಂದ್ ಆಗಿರುತ್ತದೆ.

ಸಂಪಾಜೆಯ ಲೆಕ್ಕ

ಈಗ ಆ ಕೂಗಿನ ವಿಷಯ. ಮಡಿಕೇರಿ ಸಮುದ್ರಮಟ್ಟದಿಂದ ಸಾವಿರದ ನೂರು ಮೀಟರಿಗೂ ಎತ್ತರದಲ್ಲಿದೆ. ಸುಳ್ಯ ಸೇರುವಷ್ಟರಲ್ಲಿ ಸುಮಾರು ಸಾವಿರ ಮೀಟರ್ ಇಳಿದಿರುತ್ತೇವೆ. ನಾಲ್ಕು ಜನ ಮತ್ತು ಸಾಮಾನು ಸೇರಿ ಹೈರೈಡರ್ 1,600 ಕಿಲೋ ತೂಗುತ್ತದೆ ಎಂದುಕೊಳ್ಳಿ. ಅಷ್ಟು ಭಾರ ಸಾವಿರ ಮೀಟರ್ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 4.4 ಯುನಿಟ್. ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯುನಿಟ್. ಟೈರಿನ ತಿಕ್ಕಾಟ ಮತ್ತು ಗಾಳಿಯ ತಡೆ ಅರ್ಧ ತಿಂದರೂ ಎರಡು ಯುನಿಟ್‌ಗೂ ಮೇಲೆ ಉಳಿಯುತ್ತದೆ.

ಹೈರೈಡರ್‌ನ ಹೈಬ್ರಿಡ್ ಬ್ಯಾಟರಿ ಎಷ್ಟು ದೊಡ್ಡದು? 0.76 ಯುನಿಟ್. ಅದರಲ್ಲೂ ಪೂರ್ತಿ ಖಾಲಿ, ಪೂರ್ತಿ ಭರ್ತಿ ಮಾಡಿದರೆ ಬ್ಯಾಟರಿ ಬೇಗ ಹಾಳಾಗುತ್ತದೆ. ಆದ್ದರಿಂದ ನಡುವಿನ ಒಂದು ಭಾಗವನ್ನಷ್ಟೇ ಕಾರು ಬಳಸುತ್ತದೆ. ಅಬ್ಬಿ ಜಲಪಾತಕ್ಕೆ ಚೊಂಬು ಹಿಡಿದ ಹಾಗೆ. ಕೆಲವು ತಿರುವಿನಲ್ಲೇ ತುಂಬಿತು. ಇನ್ನು ಬರುವ ಶಕ್ತಿ ಎಲ್ಲಿಗೆ ಹೋಗಬೇಕು?

ಪೂರ್ತಿ ಬ್ರೇಕ್ ಪ್ಯಾಡಿಗೆ ಹಾಕಿದರೆ ಅವು ಕಾದು ಹಿಡಿತ ಬಿಡುತ್ತವೆ. ಅದಕ್ಕೇ ಕಾರು ಬ್ಯಾಟರಿಗೆ ಹೋಗಬೇಕಿದ್ದ ವಿದ್ಯುತ್ತಿನಿಂದ ಮೋಟರನ್ನು ತಿರುಗಿಸಿ, ಎಂಜಿನ್ನನ್ನು ಇಂಧನವಿಲ್ಲದೆ ಸುಮ್ಮನೆ ಸುತ್ತಿಸುತ್ತದೆ. ಗಾಳಿಯನ್ನು ಹೀರಿ ಒತ್ತುವ ಶ್ರಮದಲ್ಲಿ ಹೆಚ್ಚುವರಿ ಶಕ್ತಿ ಕರಗುತ್ತದೆ. ನಮ್ಮ ಹಳೇ ಡ್ರೈವರುಗಳು ಘಾಟಿಯಲ್ಲಿ ಎರಡನೇ ಗೇರಿಗೆ ಹಾಕಿ ಇಳಿಸುತ್ತಿದ್ದದ್ದೂ ಇದೇ ಉಪಾಯ. ಕಾರು ತಾನಾಗಿ ಮಾಡುವುದನ್ನು ನೀವೇ ಮೊದಲೇ ಮಾಡಬಹುದು. ಗೇರ್ ಲಿವರ್‌ನಲ್ಲಿ ‘ಬಿ’ ಎಂಬ ಸ್ಥಾನವಿದೆ. ಅದು ಇಂಥ ಇಳಿಜಾರಿಗಾಗಿಯೇ ಇರುವುದು. ವಿರಾಜಪೇಟೆಯಿಂದ ಮಾಕುಟ್ಟ ಕಡೆ ಇಳಿಯುವವರಿಗೂ ಇದೇ ಮಾತು.

ಪೂರ್ತಿ ಎಲೆಕ್ಟ್ರಿಕ್ ಕಾರಿನ ಬ್ಯಾಟರಿ 40, 50 ಯುನಿಟ್ ಇರುತ್ತದೆ. ಅದಕ್ಕೆ ಸಂಪಾಜೆಯ ಎರಡು ಯುನಿಟ್ ಲೆಕ್ಕಕ್ಕೇ ಇಲ್ಲ, ಎಲ್ಲವನ್ನೂ ನುಂಗುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು. ಮಡಿಕೇರಿಯ ಹೋಟೆಲ್‌ನಲ್ಲಿ ರಾತ್ರಿಯಿಡೀ ಶೇ. 100 ಚಾರ್ಜ್ ಮಾಡಿ ಬೆಳಿಗ್ಗೆ ಮಂಗಳೂರಿಗೆ ಹೊರಟರೆ ಅದರಲ್ಲೂ ಜಾಗ ಇರುವುದಿಲ್ಲ. ಆಗ ಬ್ರೇಕ್ ಪ್ಯಾಡೇ ಗತಿ. ಶೇ. 85, 90ಕ್ಕೆ ನಿಲ್ಲಿಸಿ ಹೊರಡುವುದು ಜಾಣತನ.

ಹಾಗಾದರೆ ಟೊಯೋಟಾ ಯಾಕೆ ಇಷ್ಟು ಪುಟ್ಟ ಬ್ಯಾಟರಿ ಇಟ್ಟಿತು? ಇಲ್ಲೇ ಅದರ ಬಾಜಿ ಇರುವುದು. ಕಂಪನಿ 1:6:90 ಎಂಬ ಲೆಕ್ಕ ಕೊಡುತ್ತದೆ. ದೂರ ಓಡುವ ಒಂದು ಎಲೆಕ್ಟ್ರಿಕ್ ಕಾರಿನ ಬ್ಯಾಟರಿಗೆ ಬೇಕಾದ ಲೋಹದಲ್ಲಿ 6 ಪ್ಲಗ್‌ಇನ್ ಹೈಬ್ರಿಡ್ (ಪ್ಲಗ್ ಹಾಕಿ ಚಾರ್ಜ್ ಮಾಡುವಂಥದ್ದು) ಅಥವಾ 90 ಸಾಮಾನ್ಯ ಹೈಬ್ರಿಡ್ ಮಾಡಬಹುದು ಅನ್ನುವುದು ಅದು. ಆ 90 ಕಾರುಗಳು ಆಯುಷ್ಯವಿಡೀ ಉಳಿಸುವ ಇಂಗಾಲ ಒಂದು ಎಲೆಕ್ಟ್ರಿಕ್ ಕಾರು ಉಳಿಸುವುದರ 37 ಪಟ್ಟು ಎಂದೂ ಹೇಳುತ್ತದೆ.

ಕೇಳಲು ಚೆನ್ನಾಗಿದೆ. ಇಡೀ ವಾದ ನಿಂತಿರುವುದು ಒಂದು ಊಹೆಯ ಮೇಲೆ: ಲಿಥಿಯಂ, ನಿಕ್ಕಲ್ ಯಾವಾಗಲೂ ಕೊರತೆಯಲ್ಲೇ ಇರುತ್ತವೆ ಎಂಬುದು. ಗಣಿ ಹೆಚ್ಚಾದರೆ, ಬ್ಯಾಟರಿ ಅಗ್ಗವಾದರೆ ಲೆಕ್ಕ ಸಡಿಲಾಗುತ್ತದೆ. ಮೇಲಾಗಿ ಹೈಬ್ರಿಡ್ ಎಷ್ಟೇ ಜಾಣ ಕಾರಾದರೂ ಕುಡಿಯುವುದು ಪೆಟ್ರೋಲನ್ನೇ. ಪರಿಸರ ಸಂಘಟನೆ ಗ್ರೀನ್‌ಪೀಸ್ 2022ರಲ್ಲಿ ಹತ್ತು ದೊಡ್ಡ ಕಾರು ಕಂಪನಿಗಳನ್ನು ಅಳೆದಾಗ ಟೊಯೋಟಾವನ್ನು ಕೊನೆಯ ಸ್ಥಾನದಲ್ಲಿಟ್ಟಿತು. ಅದೇ ವರ್ಷ ಕಂಪನಿ ತಂದ ಎಲೆಕ್ಟ್ರಿಕ್ ಕಾರು ಬಿಝಡ್4ಎಕ್ಸ್ ಅನ್ನು ಚಕ್ರದ ಬೋಲ್ಟ್ ಸಡಿಲವಾಗುತ್ತದೆ ಎಂದು ವಾಪಸ್ ಕರೆಸಬೇಕಾಯಿತು. ಹೈಬ್ರಿಡ್‌ನಲ್ಲಿ 25 ವರ್ಷ ಮುಂದಿದ್ದವರು ಎಲೆಕ್ಟ್ರಿಕ್‌ನಲ್ಲಿ ಹಿಂದೆ ಬಿದ್ದರು. ಇದು ನನ್ನೊಬ್ಬನ ಅಭಿಪ್ರಾಯವೇನಲ್ಲ.

ಆದರೂ ನಮ್ಮ ದೇಶದ ಕರೆಂಟಿನ ಲೆಕ್ಕ ಹಾಕಿದರೆ ಟೊಯೋಟಾ ಪೂರ್ತಿ ತಪ್ಪು ಎನ್ನಲೂ ಆಗುವುದಿಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಲೀಟರಿಗೆ 15 ಕಿ.ಮೀ. ಕೊಡುವ ಕಾರಾದರೆ ಕಿ.ಮೀ.ಗೆ 150 ಗ್ರಾಂ. 22 ಕೊಡುವ ಹೈಬ್ರಿಡ್ ಆದರೆ 105 ಗ್ರಾಂ. ಭಾರತದ ಗ್ರಿಡ್‌ನಲ್ಲಿ, ಅಂದರೆ ದೇಶದ ವಿದ್ಯುತ್ ಜಾಲದಲ್ಲಿ, ಒಂದು ಯುನಿಟ್‌ಗೆ ಸರಾಸರಿ 0.7 ಕಿಲೋ ಆಸುಪಾಸು. ಎಲೆಕ್ಟ್ರಿಕ್ ಕಾರು ಕಿ.ಮೀ.ಗೆ 0.15 ಯುನಿಟ್ ತಿಂದರೆ ಅದೂ 105 ಗ್ರಾಂ! ಪೆಟ್ರೋಲನ್ನು ತೆಗೆದು, ಶುದ್ಧ ಮಾಡಿ, ಬಂಕಿಗೆ ತರುವ ಖರ್ಚು ಹೈಬ್ರಿಡ್‌ನ ಕಡೆ ಸೇರುತ್ತದೆ. ದೊಡ್ಡ ಬ್ಯಾಟರಿ ತಯಾರಿಸುವ ಖರ್ಚು ಎಲೆಕ್ಟ್ರಿಕ್‌ನ ಕಡೆ ಸೇರುತ್ತದೆ. ಇವತ್ತಿನ ಮಟ್ಟಿಗೆ ಜಿದ್ದಾಜಿದ್ದಿ.

ವ್ಯತ್ಯಾಸ ಇರುವುದು ನಾಳೆಯಲ್ಲಿ. ಇವತ್ತು ಕೊಂಡ ಹೈಬ್ರಿಡ್ ಹತ್ತು ವರ್ಷದ ನಂತರವೂ ಅಷ್ಟೇ ಹೊಗೆ ಬಿಡುತ್ತದೆ. ಎಲೆಕ್ಟ್ರಿಕ್ ಕಾರಿನ ಲೆಕ್ಕ ಗ್ರಿಡ್ ಜೊತೆ ಇಳಿಯುತ್ತಾ ಹೋಗುತ್ತದೆ. ಪಾವಗಡದ ಸೋಲಾರ್ ಪಾರ್ಕ್ ಒಂದೇ 2,050 ಮೆಗಾವ್ಯಾಟ್ ಸಾಮರ್ಥ್ಯದ್ದು. ಜಲವಿದ್ಯುತ್, ಗಾಳಿಯಂತ್ರ ಕರ್ನಾಟಕದಲ್ಲಿ ಧಾರಾಳ ಇವೆ. ಮನೆ ಮೇಲೆ ಸೋಲಾರ್ ಇದ್ದು ದಿನಾ ಗೋಣಿಕೊಪ್ಪ, ವಿರಾಜಪೇಟೆ ಓಡಾಡುವವರಿಗೆ ಎಲೆಕ್ಟ್ರಿಕ್ಕೇ ಸರಿ, ಅನುಮಾನ ಬೇಡ. ನಮ್ಮ ಮಳೆಗಾಲದಲ್ಲಿ ಆ ಸೋಲಾರ್ ಎಷ್ಟು ಕೊಡುತ್ತದೆ ಎಂಬುದು ಬೇರೆ ಕಥೆ. ವಾರಕ್ಕೊಮ್ಮೆ ಬೆಂಗಳೂರು, ನಡುವೆ ಎರಡು ಘಾಟಿ, ಊರಲ್ಲಿ ಕರೆಂಟಿನ ಗ್ಯಾರಂಟಿ ಇಲ್ಲ ಅನ್ನುವವರಿಗೆ ಹೈಬ್ರಿಡ್ ಇನ್ನೂ ಕೆಲವು ವರ್ಷ ಒಳ್ಳೇ ಆಯ್ಕೆಯೇ.

ಕಾರು ಓಡುವ ಮೊದಲು

2015ರ ಅಕ್ಟೋಬರ್‌ನಲ್ಲಿ ಟೊಯೋಟಾ 2050ರವರೆಗಿನ ಆರು ಪರಿಸರ ಸವಾಲುಗಳನ್ನು ಘೋಷಿಸಿತು. ಮೂರು ಇಂಗಾಲದ ಬಗ್ಗೆ: ಹೊಸ ಕಾರಿನದ್ದು, ಕಾರಿನ ಇಡೀ ಆಯುಷ್ಯದ್ದು, ಕಾರ್ಖಾನೆಯದ್ದು. ಉಳಿದವು ನೀರು, ಮರುಬಳಕೆ ಮತ್ತು ಪ್ರಕೃತಿಯ ಬಗ್ಗೆ. ಕಾರ್ಖಾನೆಗಳ ಗಡುವನ್ನು 2021ರಲ್ಲಿ ಇನ್ನೂ ಹತ್ತಿರ ತಂದು, 2035ಕ್ಕೇ ಅವನ್ನು ಇಂಗಾಲ ಮುಕ್ತ ಮಾಡುತ್ತೇವೆ ಎಂದಿತು.

ಕಾರು ಜೋಡಿಸುವ ಕಾರ್ಖಾನೆಯಲ್ಲಿ ಶಕ್ತಿ ಅತಿ ಹೆಚ್ಚು ಸುಡುವುದು ಎಲ್ಲಿ ಗೊತ್ತಾ? ವೆಲ್ಡಿಂಗ್‌ನಲ್ಲಿ ಅಲ್ಲ, ಬಣ್ಣ ಹಚ್ಚುವ ಪೇಂಟ್ ಶಾಪ್‌ನಲ್ಲಿ. ಬಣ್ಣದ ಕೋಣೆಯ ಗಾಳಿಯನ್ನು ಸದಾ ಸೋಸಬೇಕು. ಅದರ ಬಿಸಿ ಮತ್ತು ತೇವವನ್ನು ಹದದಲ್ಲಿಡಬೇಕು. ಆಮೇಲೆ ಇಡೀ ಬಾಡಿಯನ್ನು ಒಲೆಯಲ್ಲಿ ಒಣಗಿಸಬೇಕು. ಕಾಫಿ ಒಣಗಿಸಲು ನಮಗೆ ಕಣ ಮತ್ತು ಬಿಸಿಲು ಸಾಕು, ಅವರಿಗೆ ಆ ಭಾಗ್ಯ ಇಲ್ಲ. ಗಾಳಿ ಊದಿ ಬಣ್ಣ ಸಿಂಪಡಿಸುವ ಹಳೇ ಕ್ರಮದಲ್ಲಿ ಶೇ. 60ರಿಂದ 70ರಷ್ಟು ಬಣ್ಣ ಮಾತ್ರ ಕಾರಿಗೆ ಅಂಟುತ್ತದೆ. ಉಳಿದದ್ದು ಗಾಳಿಪಾಲು. ಟೊಯೋಟಾ 2020ರಲ್ಲಿ ಗಾಳಿಯೇ ಇಲ್ಲದೆ, ಸ್ಥಿರ ವಿದ್ಯುತ್ತಿನ ಸೆಳೆತದಿಂದ ಬಣ್ಣದ ಕಣಗಳನ್ನು ಲೋಹಕ್ಕೆ ಅಂಟಿಸುವ ಸಲಕರಣೆ ತೋರಿಸಿತು. ಅದರಲ್ಲಿ ಶೇ. 95ಕ್ಕೂ ಹೆಚ್ಚು ಬಣ್ಣ ಕಾರಿನ ಮೇಲೆ ಕೂರುತ್ತದೆ. ಜಾಹೀರಾತಿನಲ್ಲಿ ಇಂಥದ್ದು ಕಾಣುವುದಿಲ್ಲ. ನನಗೆ ಮಾತ್ರ ಸೋಲಾರ್ ಪ್ಯಾನೆಲ್ ಪಕ್ಕ ನಿಂತ ಅಧಿಕಾರಿಗಳ ಫೋಟೋಗಿಂತ ಇದು ಜಾಸ್ತಿ ನಂಬಿಕೆ ಹುಟ್ಟಿಸುತ್ತದೆ.

ಬಿಡದಿ ಕಾರ್ಖಾನೆ ಗ್ರಿಡ್‌ನಿಂದ ಪಡೆಯುವ ವಿದ್ಯುತ್ತೆಲ್ಲ 2021ರಿಂದ ನವೀಕರಿಸಬಹುದಾದ ಮೂಲದ್ದು ಎಂದು ಕಂಪನಿ ಹೇಳುತ್ತದೆ. ಇದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ತಂತಿಯಲ್ಲಿ ಕಲ್ಲಿದ್ದಲಿನ ಕರೆಂಟ್, ಬಿಸಿಲಿನ ಕರೆಂಟ್ ಎಂದು ಬೇರೆ ಬೇರೆ ಹರಿಯುವುದಿಲ್ಲ. ಕಾರ್ಖಾನೆ ಬಳಸಿದಷ್ಟು ಯುನಿಟ್ ಎಲ್ಲೋ ಒಂದು ಸೋಲಾರ್ ಅಥವಾ ಗಾಳಿ ಘಟಕದಿಂದ ಗ್ರಿಡ್‌ಗೆ ಸೇರಿದೆ ಎಂಬುದು ಇದರ ಅರ್ಥ. ಸುಳ್ಳಲ್ಲ, ಆದರೆ ಕಥೆ ಇಷ್ಟಕ್ಕೇ ಮುಗಿಯುವುದಿಲ್ಲ. ಉಕ್ಕು, ಅಲ್ಯೂಮಿನಿಯಂ, ಟೈರು, ಗಾಜು ಹೊರಗಿನಿಂದ ಬರುತ್ತವೆ. ಕಾರು ತಯಾರಿಯ ಹೊಗೆಯಲ್ಲಿ ದೊಡ್ಡ ಪಾಲು ಅವುಗಳದ್ದೇ.

ನೀರಿನ ವಿಷಯಕ್ಕೆ ನಾವು ಕಾವೇರಿ ಸೀಮೆಯವರು ಕಿವಿ ನಿಮಿರಿಸುವುದು ಸಹಜ. ಬಿಡದಿ ಪಕ್ಕದಲ್ಲಿ ಬೈರಮಂಗಲ ಕೆರೆ ಇದೆ. ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ಅದಕ್ಕೆ ಬರುತ್ತದೆ. ಅಲ್ಲಿಂದ ಮುಂದೆ ಅರ್ಕಾವತಿ ಸೇರಿ, ಸಂಗಮದಲ್ಲಿ ಕಾವೇರಿಗೆ ಕೂಡುತ್ತದೆ. ಇಂಥ ಕಡೆ ಕೂತ ಕಾರ್ಖಾನೆ ನೀರನ್ನು ಹೊರಬಿಡದೆ ತಿರುಗಿ ಬಳಸಿದಷ್ಟೂ ಒಳ್ಳೆಯದು. ಬಿಡದಿಯಲ್ಲಿ ಮಳೆನೀರು ಹಿಡಿಯುವ ಏರ್ಪಾಡು, ಬಳಸಿದ ನೀರನ್ನು ಶುದ್ಧ ಮಾಡಿ ಮತ್ತೆ ಬಳಸುವ ಏರ್ಪಾಡು ಎರಡೂ ಇವೆ.

ಕಾರ್ಖಾನೆಯ ಅಂಗಳದಲ್ಲಿ ಕಾಡನ್ನೂ ಬೆಳೆಸಿದ್ದಾರೆ. ಅದಕ್ಕಾಗಿ ಜಪಾನಿನ ಸಸ್ಯವಿಜ್ಞಾನಿ ಅಕಿರಾ ಮಿಯಾವಾಕಿ ಅವರನ್ನೇ ಕರೆಸಿದ್ದರು. ಆಗ ಅಲ್ಲಿ ಎಂಜಿನಿಯರ್ ಆಗಿದ್ದ ಶುಭೇಂದು ಶರ್ಮಾ ಇದರಿಂದ ಪ್ರೇರಿತರಾಗಿ ಕೆಲಸ ಬಿಟ್ಟು ಕಾಡು ಬೆಳೆಸುವ ಸಂಸ್ಥೆಯನ್ನೇ ಕಟ್ಟಿದರು. ಸ್ಥಳೀಯ ಜಾತಿಯ ಹಲವು ಬಗೆಯ ಗಿಡಗಳನ್ನು ಒತ್ತೊತ್ತಾಗಿ ನೆಡುವುದು ಮಿಯಾವಾಕಿ ಕ್ರಮ. ಯಾವ ಜಾತಿ ಸ್ಥಳೀಯ ಎಂದು ಅವರು ಜಪಾನಿನಲ್ಲಿ ಕಂಡುಕೊಂಡದ್ದು ದೇವಸ್ಥಾನಗಳ ಸುತ್ತ ಕೊಡಲಿ ಬೀಳದೆ ಉಳಿದ ತೋಪುಗಳಲ್ಲಿ. ಕೊಡಗಿನಲ್ಲಿ ಇಂಥ ದೇವರಕಾಡುಗಳು 1,200ಕ್ಕೂ ಹೆಚ್ಚಿವೆ. ನಮಗೆ ಪಾಠ ಹೇಳಿಸಿಕೊಳ್ಳುವ ಅಗತ್ಯ ಇರಲಿಲ್ಲ, ಇರುವುದನ್ನು ಒತ್ತುವರಿಯಿಂದ ಉಳಿಸಿಕೊಂಡಿದ್ದರೆ ಸಾಕಿತ್ತು. ಅದಿರಲಿ. ಹೈಬ್ರಿಡ್ ಒಂದು ವರ್ಷಕ್ಕೆ 15,000 ಕಿ.ಮೀ. ಓಡಿದರೂ ಸುಮಾರು ಒಂದೂವರೆ ಟನ್ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಬಿಡದಿಗೆ ವರ್ಷಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಕಾರು ಮಾಡುವ ಸಾಮರ್ಥ್ಯ ಇದೆ. ಅಂಗಳದ ಕಾಡು ಹಕ್ಕಿಗೆ, ಮಣ್ಣಿಗೆ, ಅಲ್ಲಿ ಬರುವ ಶಾಲಾ ಮಕ್ಕಳಿಗೆ ಒಳ್ಳೆಯದು. ಕಾರಿನ ಹೊಗೆಗೆ ಅದು ಪರಿಹಾರವಲ್ಲ.

ನಮ್ಮ ಮಳೆ, ಮಂಡ್ಯದ ಕಬ್ಬು, ಬಂಕಿನ ಪೆಟ್ರೋಲ್

ಟೊಯೋಟಾದ ಇನ್ನೊಂದು ದಾರಿ ಕಬ್ಬು, ಧಾನ್ಯಗಳಿಂದ ಮಾಡುವ ಇಂಧನ ಎಥನಾಲ್. 2023ರ ಆಗಸ್ಟ್‌ನಲ್ಲಿ ದೆಹಲಿಯಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿ ಅನಾವರಣ ಮಾಡಿದ ಹೈಕ್ರಾಸ್ ಮಾದರಿ, ಎಥನಾಲ್ ಹೆಚ್ಚು ಬೆರೆತಿದ್ದರೂ ಓಡಬಲ್ಲ ಹೈಬ್ರಿಡ್. ಇದರಲ್ಲಿ ತರ್ಕವಿದೆ. ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಶಕ್ತಿ ಕಮ್ಮಿ. ಮೈಲೇಜ್ ಬೀಳುತ್ತದೆ. ಬಿದ್ದದ್ದನ್ನು ಹೈಬ್ರಿಡ್ ಎತ್ತಿಕೊಡುತ್ತದೆ. ಈಗ ಬಂಕುಗಳಲ್ಲಿ ಸಿಗುವ ಶೇ. 20 ಎಥನಾಲ್ ಬೆರೆತ ಪೆಟ್ರೋಲಿನಲ್ಲೇ ಶಕ್ತಿ ಶೇ. 6, 7ರಷ್ಟು ಕಮ್ಮಿ.

ಬ್ರೆಜಿಲ್‌ನಲ್ಲಿ ಇದೇ ಕಂಪನಿ ಇಂಥ ಕರೋಲಾ ಹೈಬ್ರಿಡ್ ಅನ್ನು 2019ರಿಂದ ಮಾರುತ್ತಿದೆ. ಆದರೆ ಅಲ್ಲಿನ ಕಬ್ಬು ಬಹುಪಾಲು ಮಳೆಯಲ್ಲೇ ಬೆಳೆಯುತ್ತದೆ. ನಮ್ಮ ಮಂಡ್ಯದ ಕಬ್ಬು ಬೆಳೆಯುವುದು ಕನ್ನಂಬಾಡಿಯ ನಾಲೆ ನೀರಿನಲ್ಲಿ. ಕನ್ನಂಬಾಡಿ ತುಂಬುವುದು ಹೆಚ್ಚಾಗಿ ಕೊಡಗಿನ ಮಳೆಯಿಂದ. ಮುಂಗಾರು ಕೈಕೊಟ್ಟ ವರ್ಷ ಕುಡಿಯುವ ನೀರಿಗೆ, ಭತ್ತಕ್ಕೆ, ತಮಿಳುನಾಡಿನ ಪಾಲಿಗೆ ಜಗಳ ನಡೆಯುತ್ತದೆ. ಆ ಸರದಿಯಲ್ಲಿ ಕಾರಿನ ಟ್ಯಾಂಕನ್ನೂ ನಿಲ್ಲಿಸುವುದು ಎಷ್ಟು ಸರಿ? ಮೆಕ್ಕೆಜೋಳ, ಹಾಳಾದ ಧಾನ್ಯದಿಂದಲೂ ಎಥನಾಲ್ ಮಾಡುತ್ತಾರೆ ನಿಜ. ಆದರೂ ಕಬ್ಬಿನ ಎಥನಾಲನ್ನು ಕಣ್ಣು ಮುಚ್ಚಿ ಹಸಿರು ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ತೋಟದ ಹಳೇ ಜೀಪಿನ ಬಗ್ಗೆ ಒಂದು ಮಾತು. ಅದನ್ನು ಮಾರಿ ಹೊಸ ಹಸಿರು ಕಾರು ತಗೊಳ್ಳಿ ಎಂದು ಸೇಲ್ಸ್‌ನವರು ಹೇಳುತ್ತಾರೆ. ಜೀಪು ವರ್ಷಕ್ಕೆ 3,000 ಕಿ.ಮೀ. ಓಡುತ್ತದೆ, ಲೀಟರಿಗೆ 12 ಕೊಡುತ್ತದೆ ಎನ್ನಿ. 250 ಲೀಟರ್ ಡೀಸೆಲ್, ಸುಮಾರು 670 ಕಿಲೋ ಇಂಗಾಲದ ಡೈಆಕ್ಸೈಡ್. ಹೊಸ ಕಾರು ತಯಾರಾಗುವಾಗಲೇ ಆರೇಳು ಟನ್ ಖರ್ಚಾಗಿರುತ್ತದೆ ಎಂದು ಹಿಡಿದರೆ, ಆ ಕಾರು ಗಾಳಿಯಲ್ಲೇ ಓಡಿದರೂ ಸಾಲ ತೀರಲು ಹತ್ತು ವರ್ಷ ಬೇಕು. ಹಳೇ ಡೀಸೆಲ್‌ನ ಮಸಿ ಶ್ವಾಸಕ್ಕೆ ಕೆಟ್ಟದ್ದು, ಅದು ಬೇರೆ ಮಾತು. ಆದರೆ ಇಂಗಾಲದ ಲೆಕ್ಕದಲ್ಲಿ, ದಿನಕ್ಕೆ 200 ಕಿ.ಮೀ. ಓಡುವ ಟ್ಯಾಕ್ಸಿ ಮೊದಲು ಬದಲಾಗಬೇಕು. ಕಾಫಿ ಕೊಯ್ಲಿಗೆ ಮಾತ್ರ ಹೊರಡುವ ಜೀಪು ಕೊನೆಗೆ.

ಇನ್ನು ಬ್ಯಾಟರಿ ಮುಗಿದ ಮೇಲೆ ಏನು? ಟೊಯೋಟಾ ಇಲ್ಲಿ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಡುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೇ ಬ್ಯಾಟರಿ ಮರುಬಳಕೆಗೆ ಹೋಗುವಂತೆ ನೋಡಿಕೊಳ್ಳುವುದು ತಯಾರಕರ, ಆಮದುದಾರರ ಹೊಣೆ. ಕಾಗದದಲ್ಲಿ ಸರಿ ಇದೆ. ಕೊಡಗಿನಲ್ಲಿ ಕಾರು ಮೂರು, ನಾಲ್ಕು ಕೈ ಬದಲಾಗಿ ಕೊನೆಗೆ ಯಾವುದೋ ತೋಟದ ಶೆಡ್ಡಿನಲ್ಲಿ ನಿಲ್ಲುತ್ತದೆ. ಅಷ್ಟರಲ್ಲಿ ವಾರಂಟಿ ಮುಗಿದಿರುತ್ತದೆ, ಷೋರೂಂ ಜೊತೆ ಸಂಬಂಧವೂ ಹರಿದಿರುತ್ತದೆ. ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ಕೊಳ್ಳುವವರು ಬ್ಯಾಟರಿ ಪರೀಕ್ಷೆಯ ವರದಿ ಕೇಳಿ ತಗೊಳ್ಳಿ. ಗುಜರಿಗೆ ಕೊಡುವ ದಿನ ಬಂದರೆ, ಬ್ಯಾಟರಿ ಬಿಚ್ಚುವುದನ್ನು ಕಂಪನಿಯ ಸರ್ವಿಸ್‌ನವರಿಗೇ ಬಿಡಿ. ಬಾನೆಟ್ ಒಳಗೆ ಕಾಣುವ ಕಿತ್ತಳೆ ಬಣ್ಣದ ದಪ್ಪ ಕೇಬಲ್ಲುಗಳಿಗೆ ಊರಿನ ಮೆಕ್ಯಾನಿಕ್ ಕೈ ಹಾಕುವುದು ಬೇಡ. ಅವುಗಳಲ್ಲಿ ಹರಿಯುವುದು ಜೀವ ತೆಗೆಯುವಷ್ಟು ವೋಲ್ಟೇಜ್.